‘ಇಲ್ಲೇ’ ಎಂದು ಹೇಳಿ ಪರದೇಶಕ್ಕೆ ಹೋದದ್ದು

ನನ್ನ ಜೊತೆ ಕುಳಿತು ಮಗ್ಗಿ ಕಲಿತವರಲ್ಲಿ ಪರದೇಶ ಕಾಣದೆ ಉಳಿದವನು ನಾನೊಬ್ಬನೇ. ಒಬ್ಬ ಕೊಲಂಬೊದಲ್ಲಿ ಹೋಟೆಲು ಇಟ್ಟ. ಇನ್ನೊಬ್ಬ ರಂಗೂನಿಗೆ ಹೋಗಿ, ಯುದ್ಧ ಬಂದಾಗ ಅಲ್ಲಿಂದ ಓಡಿ ಬಂದು, ಓಡಿ ಬಂದ ಕಥೆಯನ್ನು ಇವತ್ತಿಗೂ ಹೇಳುತ್ತಿದ್ದಾನೆ; ಪ್ರತಿ ಸಲವೂ ದಾರಿ ಹತ್ತು ಮೈಲಿ ಉದ್ದವಾಗುತ್ತದೆ. ನಾನು ಕುಂದಾಪುರದ ಒಂದು ಡಿಸ್ಪೆನ್ಸರಿಯಲ್ಲಿ ಕಂಪೌಂಡರ್. ಹದಿನಾರು ವರ್ಷದಿಂದ ಬಾಟ್ಲಿ ತೊಳೆದು ಮಿಕ್ಸ್ಚರು ಕಲಸಿದ್ದೇನೆ. ನಾನು ದಾಟಿದ ಅತಿ ದೊಡ್ಡ ಗಡಿಯೆಂದರೆ ನಮ್ಮ ಡಿಸ್ಪೆನ್ಸರಿಯ ಕೌಂಟರು.

ಹಡಗು ಹತ್ತುವ ಯೋಗ ನನಗಿರಲಿಲ್ಲ. ಆದರೆ ಮೂಡು ದಿಕ್ಕಿಗೆ ತಿರುಗಿ ನಿಂತರೆ ಪರದೇಶ ಕಣ್ಣಿಗೆ ಕಾಣುತ್ತಿತ್ತು. ಗಟ್ಟದ ತಲೆ ಮುಟ್ಟಿದರೆ ಮೈಸೂರು ಸಂಸ್ಥಾನ. ನಮ್ಮದು ಮದ್ರಾಸು ಸರಕಾರ, ಅವರದು ಮಹಾರಾಜರ ಸರಕಾರ. ನಮ್ಮ ಕಚೇರಿಯ ಗೋಡೆಯ ಮೇಲೆ ಇಂಗ್ಲೆಂಡಿನ ದೊರೆ, ಅವರ ಗೋಡೆಯ ಮೇಲೆ ಮಹಾರಾಜರು. ನಡುವೆ ಗಡಿ, ಗಡಿಯಲ್ಲಿ ಚೌಕಿ, ಚೌಕಿಯಲ್ಲಿ ಹೆಸರು ಬರೆಯುವ ಪುಸ್ತಕ. ಇಷ್ಟೆಲ್ಲ ಇದ್ದಮೇಲೆ ಅದು ಪರದೇಶವಲ್ಲದೆ ಮತ್ತೇನು? ಕೊಲ್ಲೂರಿನ ಮೇಲೆ ಗಟ್ಟ ಹತ್ತಿ, ಗಡಿ ದಾಟಿ, ಕಾಡಿನಲ್ಲಿ ನಡೆದು, ಕೊಡಚಾದ್ರಿಯ ತುದಿಯಲ್ಲಿ ನಿಂತು ನಮ್ಮ ಸಮುದ್ರವನ್ನು ಪರದೇಶದಿಂದ ನೋಡಬೇಕು ಎಂದು ನಿಶ್ಚಯಿಸಿದೆ. ಯುದ್ಧ ಮುಗಿದ ಮರುವರ್ಷ, ನವರಾತ್ರಿ ಕಳೆದು ಮಳೆ ಹಿಂದೆ ಸರಿದ ಹೊತ್ತು.

ಕುಂದಾಪುರ: ಹನ್ನೊಂದು ಅಂಶ

ಆಗ ನಮ್ಮ ಡಿಸ್ಪೆನ್ಸರಿಗೆ ಬೈಂದೂರಿನ ಹವಾಲ್ದಾರರೊಬ್ಬರು ದಿನ ಬಿಟ್ಟು ದಿನ ಬರುತ್ತಿದ್ದರು. ಬರ್ಮಾದ ಕಾಡಿನಲ್ಲಿ ಆದ ಕಾಲಿನ ಗಾಯ ಊರಿಗೆ ಬಂದ ಮೇಲೂ ಒಣಗಿರಲಿಲ್ಲ. ಪಟ್ಟಿ ಕಟ್ಟುತ್ತಾ ನಾನು ಮೆಲ್ಲಗೆ ವಿಷಯ ತೆಗೆದೆ: ಕಾಡಿಗೆ ಹೋಗುವವರು ಏನೇನು ತಯಾರಿ ಮಾಡಿಕೊಳ್ಳಬೇಕು?

“ಕಾಣಿ ಕಂಪೌಂಡ್ರೆ, ಜಂಗಲ್ ಅಂದ್ರೆ ಮಜಾಕ್ ಅಲ್ಲ. ಬರ್ಕಣಿ” ಎಂದರು.

ಬರೆದುಕೊಂಡೆ. ಒಬ್ಬನೇ ಹೋಗಬಾರದು. ಗಟ್ಟಿ ಬೂಟು ಬೇಕು, ಅದನ್ನು ಹದಿನೈದು ದಿನ ಮೊದಲೇ ಹಾಕಿ ಪಳಗಿಸಬೇಕು. ಕುದಿಸಿದ ನೀರು. ಕ್ವಿನೈನು. ರಕ್ತ ಹೀರುವ ಉಂಬಳಕ್ಕೆ ಹೊಗೆಸೊಪ್ಪು, ಸುಣ್ಣ. ಬೆಂಕಿಪೆಟ್ಟಿಗೆಯನ್ನು ಡಬ್ಬಿಯಲ್ಲಿಟ್ಟು ಮೇಣ ಮೆತ್ತಬೇಕು. ಪೀಪಿ ಬೇಕು, ದಾರಿ ತಪ್ಪಿದರೆ ಊದಲಿಕ್ಕೆ. ಹಗ್ಗ ಬೇಕು, ಜಾರು ಬಂದಲ್ಲಿ ಮರಕ್ಕೆ ಕಟ್ಟಿ ಹಿಡಿದು ಇಳಿಯಲಿಕ್ಕೆ. ಹೀಗೆ ಹತ್ತಾಯಿತು. ಹನ್ನೊಂದನೆಯದಕ್ಕೆ ಅವರು ನನ್ನ ಪೆನ್ಸಿಲು ಹಿಡಿದು ನಿಲ್ಲಿಸಿದರು.

“ಇದ್ ಎಲ್ಲದ್ಕಿಂತ ದೊಡ್ಡದ್. ಎಲ್ಲಿಗೆ ಹೋಪ್ದ್, ಯಾವ್ ದಾರೆಗೆ ಹೋಪ್ದ್, ಯಾವತ್ತ್ ಬಪ್ಪುದ್ ಅಂತ ಮನೆಯಲ್ಲ್ ಒಬ್ರಿಗೆ ಹೇಳಿ ಹೋಯ್ಕ್. ಹೇಳಿದ್ ದಿನ ಬರ್ದಿದ್ರೆ ಹುಡ್ಕುಕೆ ಜನ ಬತ್ರ್. ಹೇಳ್ದೆ ಹ್ವಾದ್ರೆ ನರಿ ಬತ್ತ್.”

ಹನ್ನೊಂದನೆಯ ಅಂಶದ ಕೆಳಗೆ ಎರಡು ಗೆರೆ ಎಳೆದೆ. ಮಿಕ್ಕ ಹತ್ತನ್ನು ಮಾಡಿದೆ.

ಮಾಡಿದ ಹತ್ತರ ವಿಷಯ ಕೇಳಿ. ಯುದ್ಧ ಮುಗಿದ ಮೇಲೆ ಬ್ರಹ್ಮಾವರದ ಸಂತೆಗೆ ಮಿಲಿಟರಿಯ ಹಳೇ ಸಾಮಾನು ಬರುತ್ತಿತ್ತು. ಅಲ್ಲಿ ಒಂದು ಜೊತೆ ಬೂಟು ಸಿಕ್ಕಿತು, ನನ್ನ ಕಾಲಿಗಿಂತ ಎರಡು ಅಳತೆ ದೊಡ್ಡದು. ಮಾರುವವನು, “ನಡ್ದ್ ನಡ್ದ್ ಕಾಲ್ ಬೀಗತ್ತ್ ಕಾಣಿ, ಆಗ ಸಮ ಆತ್ತ್” ಎಂದು ಧೈರ್ಯ ಹೇಳಿದ. ಪಳಗಿಸಬೇಕೆಂದು ಡಿಸ್ಪೆನ್ಸರಿಗೇ ಹಾಕಿಕೊಂಡು ಹೋದೆ. ಒಳಗಿನಿಂದ ಮೊಳೆ ಬೂಟಿನ ಸದ್ದು ಕೇಳಿ, ಬೆಂಚಿನ ಮೇಲೆ ಕುಳಿತಿದ್ದ ಇಬ್ಬರು ರೋಗಿಗಳು ಪೊಲೀಸರು ಬಂದರೆಂದು ಮೆಲ್ಲಗೆ ಜಾಗ ಖಾಲಿ ಮಾಡಿದರು. ಡಾಕ್ಟರು ನನ್ನನ್ನು ಕರೆದು ಬರಿಗಾಲಿನಲ್ಲಿ ಕೆಲಸ ಮಾಡಲು ಹೇಳಿದರು.

ಕಸುಬಿನ ಬುದ್ಧಿ ಬಿಡುವುದಿಲ್ಲ. ಪ್ರತಿಯೊಂದು ಡಬ್ಬಿಗೂ ಬಾಟ್ಲಿಗೂ ಚೀಟಿ ಅಂಟಿಸಿದೆ. ಮಿಕ್ಸ್ಚರ್ ಬಾಟ್ಲಿಯ ಪಕ್ಕಕ್ಕೆ ಕಾಗದದ ಪಟ್ಟಿಯನ್ನು ಗರಗಸದ ಹಲ್ಲಿನ ಹಾಗೆ ಕತ್ತರಿಸಿ ಅಂಟಿಸುತ್ತೇವಲ್ಲ, ಒಂದು ಹಲ್ಲು ಒಂದು ಡೋಸು. ಕುಡಿಯುವ ನೀರಿನ ಎರಡು ಬಾಟ್ಲಿಗೂ ಹಾಗೆಯೇ ಹಲ್ಲು ಅಂಟಿಸಿದೆ. ಗಂಟೆಗೆ ಒಂದು ಹಲ್ಲು ನೀರು. ಪೀಪಿಯನ್ನು ತೇವ ತಾಗದಂತೆ ಏಳು ಸುತ್ತು ಬಟ್ಟೆಯಲ್ಲಿ ಸುತ್ತಿ ಗಂಟಿನ ಅಡಿಯಲ್ಲಿಟ್ಟೆ. ಅಷ್ಟು ಭದ್ರವಾದ ಪೀಪಿ ಜಗತ್ತಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಜೊತೆಗೆ ಒಬ್ಬರು ಬೇಕೆಂಬ ಒಂದನೆಯ ಅಂಶಕ್ಕೆ ಶೀನ ಭಾವ ಒಪ್ಪಿದರು. ನನ್ನ ಹೆಂಡತಿ ಕಾವೇರಿಯ ಅಣ್ಣ. ಸಾಲಿಗ್ರಾಮದಲ್ಲಿ ದೇವಸ್ಥಾನದ ಚಾಕರಿ, ನೂರು ಜನರ ಅಡುಗೆಯನ್ನು ಒಂದೇ ಕೈಯಲ್ಲಿ ಇಳಿಸುವ ಆಳು, ಎತ್ತರಕ್ಕೆ ತಕ್ಕ ಗಾತ್ರ. ಶಕುನದ ವಿಷಯದಲ್ಲಿ ಮಾತ್ರ ಬಹಳ ಬಿಗಿ. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದಷ್ಟೆ? ಯಾರಾದರೂ ಬಾಯಿ ತಪ್ಪಿ ಕೇಳಿಬಿಟ್ಟರೆ ಅವರು ಒಳಗೆ ಬಂದು ಕುಳಿತು ನೀರು ಕುಡಿದು ಮತ್ತೆ ಹೊರಡುವವರು. ಒಮ್ಮೆ ಒಂದೇ ಬೆಳಿಗ್ಗೆ ಮೂರು ಸಲ ಕುಳಿತು ಬಸ್ಸು ತಪ್ಪಿಸಿಕೊಂಡದ್ದುಂಟು.

ಹೊರಟ ದಿನ ಕಾವೇರಿ ಬಾಗಿಲಿಗೆ ಬಂದಳು. ನನ್ನ ಗಂಟು ನೋಡಿದಳು, ಬೂಟು ನೋಡಿದಳು, ಅಣ್ಣನನ್ನು ನೋಡಿದಳು.

“ದೂರವಾ?” ಎಂದಳು. ನಮ್ಮಲ್ಲಿ ಕೇಳಬಹುದಾದದ್ದು ಅಷ್ಟೇ.

“ಇಲ್ಲೇ. ಭಾವನ ಒಟ್ಟಿಗೆ. ಈಗ ಬತ್ತೆ” ಎಂದೆ.

‘ಹೋಗುತ್ತೇನೆ’ ಎನ್ನುವುದೂ ಅಶುಭವೇ. ಕಾಶಿಗೆ ಹೊರಟವನೂ ನಮ್ಮಲ್ಲಿ ‘ಈಗ ಬತ್ತೆ’ ಎಂದೇ ಮೆಟ್ಟಿಲು ಇಳಿಯುವುದು. ಭಾವನ ಒಟ್ಟಿಗೆ ಎಂದದ್ದರಿಂದ ಸಾಲಿಗ್ರಾಮಕ್ಕೆ ಎಂದು ಅವಳು ತಿಳಿದಳು. ಹಾಗೆ ತಿಳಿಯಲಿ ಎಂದೇ ನಾನು ಅಂದದ್ದು. ಅವಳ ಚಿಕ್ಕಪ್ಪ ಒಬ್ಬರು ಗಟ್ಟ ಹತ್ತಿ, ಚಳಿಜ್ವರ ಹಿಡಿದು, ಅಲ್ಲೇ ತೀರಿಕೊಂಡಿದ್ದರು. ಗಟ್ಟದ ಹೆಸರೆತ್ತಿದರೆ ಅಳುತ್ತಾಳೆ, ಅತ್ತರೆ ನಾನು ಹೋಗುವುದಿಲ್ಲ. ಕೇಳಬಾರದೆಂಬ ಪದ್ಧತಿ ನನ್ನಂಥ ಪುಕ್ಕಲನಿಗೆ ಒಳ್ಳೆಯ ಕೊಡೆಯಾಯಿತು.

ಕಡವು

ಹೆಮ್ಮಾಡಿ ಕಡೆಗೆ ಹೋಗಲು ಹೊಳೆ ದಾಟಬೇಕು. ಕಡವಿನಲ್ಲಿ ಮಂಜನ ದೋಣಿ. ಮೀನು ಮಾರುವ ಹೆಂಗಸರು ಬುಟ್ಟಿ ಹೊತ್ತು, ಬರಿಗಾಲಿನಲ್ಲಿ ಕೆಸರಿನ ಮೇಲೆ ಸರಸರ ನಡೆದು ದೋಣಿ ಹತ್ತಿದರು. ನಾನು ಬೂಟಿನಲ್ಲಿ ಇಳಿದೆ. ಮೂರನೆಯ ಹೆಜ್ಜೆಗೆ ನಾನು ಮುಂದೆ ಬಂದೆ, ಬಲಗಾಲಿನ ಬೂಟು ಅಲ್ಲೇ ಉಳಿಯಿತು. ಅದನ್ನು ಕೀಳಲು ಬಗ್ಗಿದಾಗ ಎಡಗಾಲಿನದೂ ಕೂತಿತು. ಕೊನೆಗೆ ಮಂಜನೇ ಇಳಿದು ಬಂದು ಎರಡನ್ನೂ ಏಡಿ ಹಿಡಿಯುವವನಂತೆ ಕೈಹಾಕಿ ಎಳೆದು ದೋಣಿಗೆ ಎಸೆದ. ಹೆಂಗಸರು ನಗು ತಡೆಯಲು ಸೆರಗು ಬಾಯಿಗೆ ಹಿಡಿದರು. ಒಬ್ಬಳು ಹಿಡಿಯಲೂ ಇಲ್ಲ.

ಹತ್ತು ಅಂಶಗಳಲ್ಲಿ ಹಗ್ಗವೊಂದು ಬಾಕಿಯಿತ್ತು. ಮಂಜನಿಂದ ಒಂದು ಹಳೇ ತೆಂಗಿನ ನಾರಿನ ಹಗ್ಗ ಕೇಳಿ ಪಡೆದೆ. ಅವನು ಹಗ್ಗ ಕೊಟ್ಟು, ನನ್ನ ಗಂಟನ್ನು ಕಣ್ಣಲ್ಲೇ ತೂಗಿ, “ದೂರವಾ, ಕಂಪೌಂಡ್ರೆ?” ಎಂದ.

“ಇಲ್ಲೇ ಮಂಜ. ಈಗ ಬತ್ತೆ.”

ಆಚೆ ದಡದಿಂದ ವಂಡ್ಸೆಯ ತನಕ ಇದ್ದಿಲ ಬಸ್ಸು. ಪೆಟ್ರೋಲಿಲ್ಲದ ಆ ಕಾಲದಲ್ಲಿ ಬಸ್ಸಿನ ಹಿಂದೆ ಒಲೆಯೊಂದನ್ನು ಕಟ್ಟಿಕೊಂಡು ಓಡಿಸುತ್ತಿದ್ದರು. ಏರು ಬಂದಲ್ಲಿ ನಾವೆಲ್ಲ ಇಳಿದು ದೂಡಿದೆವು. ಭಾವ ಒಲೆಯ ಹತ್ತಿರ ನಿಂತು, ಇದ್ದಿಲು ಹೀಗೆ ಹಾಕಿದರೆ ಸಾರು ಕೂಡ ಕುದಿಯುವುದಿಲ್ಲ ಎಂದು ಬಸ್ಸಿನವನಿಗೆ ಬುದ್ಧಿ ಹೇಳಿದರು. ಅವನು ಆ ಕೆಲಸವನ್ನು ಅವರಿಗೇ ಬಿಟ್ಟ. ವಂಡ್ಸೆ ಮುಟ್ಟುವಾಗ ಭಾವನ ಮುಖ ಮಸಿಯಾಗಿತ್ತು, ಬಸ್ಸು ಮಾತ್ರ ಚೆನ್ನಾಗಿ ಓಡಿತ್ತು. ಅಲ್ಲಿಂದ ಕೊಲ್ಲೂರಿಗೆ ಎತ್ತಿನ ಗಾಡಿ.

ಕೊಲ್ಲೂರು

ದೇವಿಯ ದರ್ಶನ ಮಾಡಿ, ಪರಿಚಯದ ಭಟ್ಟರ ಮನೆಯ ಜಗಲಿಯಲ್ಲಿ ಮಲಗಿದೆವು. ಭಟ್ಟರು ಬಹಳ ಸಜ್ಜನರು. ಊರು, ಗೋತ್ರ, ಅಜ್ಜನ ಹೆಸರು, ನನ್ನ ಸಂಬಳ, ಮಕ್ಕಳೆಷ್ಟು ಎಲ್ಲವನ್ನೂ ಕೇಳಿದರು. ಎಲ್ಲಿಗೆ ಹೊರಟದ್ದೆಂದು ಮಾತ್ರ ಕೇಳಲಿಲ್ಲ. ಬೆಳಿಗ್ಗೆ ನಾವು ಕಾಡಿನ ದಾರಿಗೆ ತಿರುಗಿದ್ದನ್ನು ಕಂಡಾಗ ಅವರು ಬೇಕೆಂದೇ ಬಾವಿಯ ಕಡೆ ಮುಖ ತಿರುಗಿಸಿದರು, ಬಾಯಿ ತಪ್ಪಿ ಬಂದೀತೆಂದು. ಇಂಥ ಮರ್ಯಾದಸ್ಥರ ನಡುವೆ ಹುಟ್ಟಿದ್ದಕ್ಕೆ ನನಗೆ ಅಭಿಮಾನವಾಯಿತು.

ಗಟ್ಟ ಹತ್ತತೊಡಗಿದಂತೆ ಉಂಬಳ ಹಿಡಿದವು. ಸುಣ್ಣ, ಹೊಗೆಸೊಪ್ಪು ಹಚ್ಚಿದ್ದೆನಲ್ಲ. ಬೂಟಿನ ಹೊರಗೆ ಹಚ್ಚಿದ್ದೆ. ದೊಡ್ಡ ಬೂಟಿನ ಒಳಗೆ ಬೇಕಾದಷ್ಟು ಜಾಗವಿದ್ದುದರಿಂದ ಅವು ಸಂಸಾರ ಸಮೇತ ಒಳಗೆ ಇಳಿದಿದ್ದವು. ಭಾವ ಬರಿಗಾಲು, ಹತ್ತಿದ್ದು ಕಣ್ಣಿಗೆ ಕಾಣುತ್ತಿತ್ತು, ಕಿತ್ತು ಎಸೆಯುತ್ತಿದ್ದರು. ಕಾಲು ಬೀಗುವ ಬದಲು ರಕ್ತ ಕೊಟ್ಟು ಸಣ್ಣಗಾಗಿ, ಬೂಟು ಇನ್ನೂ ಸಡಿಲವಾದಂತೆ ನನಗನ್ನಿಸಿತು.

ಚೌಕಿ

ಗಟ್ಟದ ತಲೆಯಲ್ಲಿ ಒಂದು ಹುಲ್ಲಿನ ಮಾಡು, ಮುಂದೆ ಅಡ್ಡ ಹಾಕಿದ ಬಿದಿರು, ಒಳಗೆ ಮೇಜು, ಮೇಜಿನ ಹಿಂದೆ ಮಹಾರಾಜರ ಪಟ. ಇಷ್ಟೇ ಪರದೇಶ. ಆದರೂ ಬಿದಿರಿನ ಆಚೆ ಕಾಲಿಡುವಾಗ ನಾನು ಒಮ್ಮೆ ಕೆಮ್ಮಿ, ಕೋಟಿನ ಗುಂಡಿ ಹಾಕಿಕೊಂಡೆ. ಚೌಕಿಯ ಗಾರ್ಡು ಹನುಮಂತಪ್ಪ ಚಿತ್ರದುರ್ಗದ ಕಡೆಯವನು, ಬಯಲಿನಿಂದ ಈ ಕಾಡಿಗೆ ವರ್ಗವಾಗಿ ಬಂದವನು. ಪುಸ್ತಕ ಬಿಚ್ಚಿ, ಪೆನ್ನು ಅದ್ದಿ, ನಮ್ಮೂರಿನಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆಯನ್ನು ಸರಕಾರಿ ಗಂಟಲಿನಲ್ಲಿ ಕೇಳಿಯೇಬಿಟ್ಟ.

“ಎಲ್ಲಿಗೆ ಹೊಂಟ್ರಿ?”

ಭಾವ ಅಲ್ಲೇ ಕಲ್ಲಿನ ಮೇಲೆ ದೊಪ್ಪನೆ ಕುಳಿತರು. “ಕೇಂಡೇ ಬಿಟ್ಟ ಕಾಣಿ ಭಾವ! ಇನ್ ಹೋಪ್ಕಾಗ. ನೀರ್ ಕುಡ್ದ್ ತಿರ್ಗಿ ಹೊರಡ್ಕ್.”

“ಯಾಕ್ ಸಾಮಿ, ಮೈಯಾಗೆ ಹುಷಾರಿಲ್ವಾ?” ಎಂದು ಹನುಮಂತಪ್ಪ ಗಾಬರಿಯಾಗಿ ಮಡಕೆಯ ನೀರು ತಂದ. ಭಾವ ಕುಡಿದು ಎದ್ದರು. ಅವನು ಮತ್ತೆ ಪುಸ್ತಕದ ಹತ್ತಿರ ಹೋಗಿ, “ಈಗ ಹೇಳ್ರಿ, ಎಲ್ಲಿಗೆ?” ಎಂದ. ಭಾವ ಮತ್ತೆ ಕುಳಿತರು.

ಹೀಗೆ ಮೂರನೆಯ ಲೋಟ ಆಗುವಾಗ ನಾನು ನಡುವೆ ಬಂದೆ. ಹೆಸರು ಹೇಳಿದೆ, ಊರು ಹೇಳಿದೆ. ಕೊಡಚಾದ್ರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಭಾವ ಕಣ್ಣು ಕೆಂಪು ಮಾಡಿ ನೋಡುತ್ತಿದ್ದರು. “ಇಲ್ಲೇ” ಎಂದೆ.

“ಇಲ್ಲೇ ಅಂದ್ರೆ ಎಲ್ಲಿ?”

“ಇಲ್ಲೇ, ಸ್ವಲ್ಪ.”

“ವಾಪಸ್ ಯಾವಾಗ?”

“ಈಗ ಬತ್ತೆ.”

ಅವನು ಹಾಗೆಯೇ ಬರೆದುಕೊಂಡ. ಎಲ್ಲಿಗೆ ಎಂಬಲ್ಲಿ ‘ಇಲ್ಲೇ’. ಹಿಂತಿರುಗುವುದು ಎಂಬಲ್ಲಿ ‘ಈಗ’. ಆಮೇಲೆ ಗಂಟು ಬಿಚ್ಚಿಸಿ, ನಾವು ತಂದ ಎರಡು ಸೇರು ಕುಚ್ಚಲಕ್ಕಿಯನ್ನು ನೋಡಿ ತಲೆ ಕೆರೆದುಕೊಂಡ. ಆಗ ಅಕ್ಕಿಯ ಮೇಲೆ ಕಂಟ್ರೋಲು. ಗಟ್ಟದಿಂದ ಕದ್ದು ಕೆಳಗೆ ಸಾಗಿಸುವವರನ್ನು ಹಿಡಿಯಲೆಂದೇ ಅವನನ್ನು ಅಲ್ಲಿ ಕೂರಿಸಿದ್ದು. “ಕೆಳಕ್ಕೆ ಒಯ್ಯೋರ್ನ ನೋಡಿದೀನಿ. ಮೇಲಕ್ಕೆ ಅಕ್ಕಿ ಹೊತ್ಕೊಂಡು ಬಂದೋರು ನೀವೇ ಮೊದ್ಲು” ಎಂದ. ಒಳಗೆ ಬಂದ ಅಕ್ಕಿ ಮತ್ತೆ ಹೊರಗೆ ಹೋಗಬಾರದೆಂದು ಹೇಳಿ, ಅದನ್ನು ಚೌಕಿಯಲ್ಲೇ ಇರಿಸಿಕೊಂಡ. ನನ್ನ ಮೊದಲ ವಿದೇಶ ವ್ಯವಹಾರ ಹೀಗೆ ಮುಗಿಯಿತು.

ಕಾಡು

ಚೌಕಿಯಿಂದ ಒಂದೂವರೆ ಗಂಟೆ ನಡೆದ ಮೇಲೆ ದಾರಿ ಎರಡಾಯಿತು. ಒಂದು ಕಿರಿದು, ಒಂದು ಅಗಲ. ಇಷ್ಟು ದೊಡ್ಡ ಬೆಟ್ಟಕ್ಕೆ ಅಗಲ ದಾರಿಯೇ ಇರಬೇಕೆಂದು ನಾನು ತೀರ್ಮಾನಿಸಿದೆ. ಅದು ಕಾಡುಕೋಣಗಳ ದಾರಿ. ಅವು ಬೆಟ್ಟದ ತುದಿಗೆ ಸಮುದ್ರ ನೋಡಲು ಹೋಗುವುದಿಲ್ಲ, ನೀರು ಕುಡಿಯಲು ಹಳ್ಳಕ್ಕೆ ಇಳಿಯುತ್ತವೆ. ಇದು ಹೊಳೆದಾಗ ನಾವೂ ಬಹಳಷ್ಟು ಇಳಿದಾಗಿತ್ತು.

ಮುಂದೆ ಜಾರು. ಹಗ್ಗದ ನೆನಪಾಯಿತು. ಮರಕ್ಕೆ ಕಟ್ಟಿ ಎಂದು ಹವಾಲ್ದಾರರು ಹೇಳಿದ್ದರು. ಹತ್ತಿರದಲ್ಲಿ ತಕ್ಕ ಮರ ಕಾಣಲಿಲ್ಲ. ಭಾವನ ಸೊಂಟಕ್ಕೆ ಕಟ್ಟಿದೆ. ಗಾತ್ರದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

“ಭಾವ, ಇದ್ ಸಮ ಕಾಂತಿಲ್ಲೆ” ಎಂದರು ಅವರು.

“ಮಿಲಿಟರಿ ಪದ್ಧತಿ” ಎಂದೆ.

ಹಗ್ಗದ ಇನ್ನೊಂದು ತುದಿಯನ್ನು ನನ್ನ ಸೊಂಟಕ್ಕೆ ಬಿಗಿದು ಎರಡು ಹೆಜ್ಜೆ ಇಳಿದೆ. ಬೂಟು ಒಂದು ಕಡೆ ತಿರುಗಿತು, ಕಾಲು ಇನ್ನೊಂದು ಕಡೆ ತಿರುಗಿತು. ನಾನು ಜಾರಿದೆ. ಹಗ್ಗ ಬಿಗಿಯಿತು. ಬೆನ್ನಿನ ಗಂಟಿನ ಮೇಲೆ, ಕಂಬಳಿಯ ಮೆತ್ತೆಯ ಮೇಲೆ, ನಾನು ಸುಖವಾಗಿ ಹಳ್ಳದ ತಳ ಮುಟ್ಟಿದೆ. ನನ್ನ ತಲೆಯ ಮೇಲಿನಿಂದ ಶೀನ ಭಾವ ಹಾರಿ ಹೋದರು. ಅವರು ಬಿದ್ದ ಸದ್ದಿನ ಜೊತೆ ಇನ್ನೊಂದು ಸಣ್ಣ ಸದ್ದು ಕೇಳಿಸಿತು, ಒಣ ಕೊಂಬೆ ಮುರಿದಂತೆ. ಅದು ಕೊಂಬೆಯಲ್ಲ ಎಂದು ಕಂಪೌಂಡರನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಭಾವ ತಂದಿದ್ದ ಕೊಡೆಯ ಬಟ್ಟೆ ಹರಿದು ತೆಗೆದು, ಅದರ ಕೋಲನ್ನೂ ಒಂದು ಬಿದಿರಿನ ಸೀಳನ್ನೂ ಎರಡು ಬದಿಗೆ ಕೊಟ್ಟು, ಇದ್ದ ಪಟ್ಟಿಯನ್ನೆಲ್ಲ ಸುತ್ತಿ ಕಟ್ಟಿದೆ. ಆ ಪ್ರವಾಸದಲ್ಲಿ ನಾನು ನೆಟ್ಟಗೆ ಮಾಡಿದ ಕೆಲಸ ಅದೊಂದೇ. ಭಾವನ ಮುಖ ಬೂದಿಯಾಗಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, “ಭಾವ, ನೀವ್ ಮನೆಯಲ್ಲ್ ಹೇಳಿ ಬಂದಿದ್ರಿ ಅಲ್ದಾ?” ಎಂದರು.

“ಕಾವೇರಿ ನಾವ್ ಸಾಲಿಗ್ರಾಮದಲ್ಲ್ ಇದ್ದೋ ಅಂತ ತಿಳ್ಕಂಡಿದ್ಲ್” ಎಂದೆ. “ನೀವ್?”

ಅವರು ಕಾಲಿನ ಕಟ್ಟನ್ನು ನೋಡುತ್ತಾ ಹೇಳಿದರು, “ನಾನ್ ತಂಗಿ ಮನಿಗೆ ಅಂದ್ ಬಂದದ್ದ್.”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಲೆಕ್ಕ ಹಾಕಿದೆವು. ನನ್ನ ಮನೆಯವರಿಗೆ ನಾವು ಅವರ ಮನೆಯಲ್ಲಿ, ಅವರ ಮನೆಯವರಿಗೆ ನಾವು ನನ್ನ ಮನೆಯಲ್ಲಿ. ಭಾವನ ಚಾಕರಿಯ ಸರದಿ ಬರುವ ತನಕ ಯಾರೂ ಯಾರನ್ನೂ ವಿಚಾರಿಸುವುದಿಲ್ಲ. ವಿಚಾರಿಸಿದರೂ ಯಾವ ದಿಕ್ಕಿಗೆ ಹುಡುಕುವುದು? ಕ್ವಿನೈನಿಗೆ ಚೀಟಿ ಹಚ್ಚಿದ್ದೆ, ಅಯೊಡಿನ್ನಿಗೆ ಹಚ್ಚಿದ್ದೆ, ಉಪ್ಪಿನ ಡಬ್ಬಿಗೂ ಹಚ್ಚಿದ್ದೆ. ನಾವಿಬ್ಬರು ಎಲ್ಲಿದ್ದೇವೆಂಬ ಚೀಟಿ ಮಾತ್ರ ಲೋಕದಲ್ಲಿ ಎಲ್ಲೂ ಇರಲಿಲ್ಲ.

ನನಗೆ ಹೆದರಿಕೆಯಾಯಿತು. ಹುಲಿಯ ಹೆದರಿಕೆಯಲ್ಲ. ಭಾವನನ್ನು ಹೊರಲು ನನ್ನಿಂದಾಗದು, ಬಿಟ್ಟು ಹೋದರೆ ಈ ಜಾಗವನ್ನು ಮತ್ತೆ ಹುಡುಕಲು ನನ್ನಿಂದಾಗದು. ಅವರಿಗೆ ಏನಾದರೂ ಆದರೆ ಕಾವೇರಿಗೆ ಏನೆಂದು ಹೇಳಲಿ? ಅಣ್ಣನನ್ನು ನಾನೇ ಹಗ್ಗ ಕಟ್ಟಿ ಎಳೆದು ಬೀಳಿಸಿದೆ ಎಂದೇ? ಭಾವ ಏನೂ ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡರು. ನೂರು ಜನರ ಅನ್ನ ಬಸಿಯುವ ಆ ಕೈ ತಣ್ಣಗಿತ್ತು, ಅದನ್ನು ಮುಟ್ಟಿ ನನಗೆ ಅಳು ಬಂತು.

ಪೀಪಿ ಹುಡುಕಿದೆ. ಗಂಟಿನ ಅಡಿಯಿಂದ ತೆಗೆದು, ಏಳು ಸುತ್ತು ಬಿಚ್ಚುವಾಗ ನನ್ನ ಜಾಣತನಕ್ಕೆ ನಾನೇ ಶಾಪ ಹಾಕಿದೆ. ಊದಿದೆ. ಮೊದಲು ಉತ್ತರ ಕೊಟ್ಟದ್ದು ಒಂದು ಹಕ್ಕಿ, ನನಗಿಂತ ಚೆನ್ನಾಗಿ ಸಿಳ್ಳು ಹಾಕಿತು. ನೀರಿನ ಬಾಟ್ಲಿಯಲ್ಲಿ ಹಲ್ಲು ನೋಡಿ ಭಾವನಿಗೆ ಒಂದೊಂದು ಡೋಸು ಕೊಡುತ್ತಾ, ನಡುನಡುವೆ ಊದುತ್ತಾ ಕುಳಿತೆ. ಐದು ಹಲ್ಲು ಕಳೆಯಿತು. ಬಿಸಿಲು ಮರದ ತಲೆಗೆ ಏರಿತು.

ಆಗ ಮೇಲಿನಿಂದ ಒಂದು ಬೈಗುಳ ಕೇಳಿಸಿತು. ಜೀವಮಾನದಲ್ಲಿ ಅಷ್ಟು ಇಂಪಾದ ಬೈಗುಳ ಕೇಳಿಲ್ಲ. ಇಬ್ಬರು ಮರ ಕಡಿಯುವವರ ಜೊತೆ ಹನುಮಂತಪ್ಪ ಇಳಿದು ಬರುತ್ತಿದ್ದ.

“ಏನ್ರೀ ಸಾಮಿ! ಈಗ ಬತ್ತೀನಿ ಅಂದ್ರಿ. ಈಗ ಅಂದ್ರೆ ನಿಮ್ಮೂರಾಗೆ ಎಷ್ಟೊತ್ತು?”

ಮತ್ತೆ ಚೌಕಿ

ನಡೆದದ್ದು ಹೀಗೆ. ಒಳಗೆ ಬಂದವರ ಹೆಸರಿನ ಮುಂದೆ ಹೊರಗೆ ಹೋದದ್ದೂ ಬರೆದಿರಬೇಕು, ಇಲ್ಲದಿದ್ದರೆ ಮೇಲಿನವರಿಗೆ ಅವನು ಜವಾಬು ಹೇಳಬೇಕು. ‘ಈಗ’ ಎಂದವರು ಮಧ್ಯಾಹ್ನವಾದರೂ ಬರಲಿಲ್ಲ. ‘ಇಲ್ಲೇ’ ಎಂದವರು ದೂರ ಹೋಗಿರಲಾರರು, ದೂರ ಹೋಗದವರು ಬರಲಿಲ್ಲವೆಂದರೆ ಏನೋ ಆಗಿರಬೇಕು. ಹೀಗೆ ಯೋಚಿಸಿ ಅವನು ಹುಡುಕಲು ಹೊರಟದ್ದು, ಪೀಪಿಯ ಸದ್ದು ಹಿಡಿದು ಹಳ್ಳಕ್ಕೆ ಇಳಿದದ್ದು. ನಮ್ಮೂರಿನ ಯಾವನಾದರೂ ಆ ಮೇಜಿನ ಹಿಂದೆ ಕುಳಿತಿದ್ದರೆ, ‘ಈಗ ಬತ್ತೆ’ ಎಂದವನು ನಾಲ್ಕು ದಿನ ಬರುವುದಿಲ್ಲವೆಂದು ತಿಳಿದು ನಿಶ್ಚಿಂತನಾಗಿ ಎಲೆ ಹಾಕಿಕೊಳ್ಳುತ್ತಿದ್ದ. ಆಡಿದ ಮಾತನ್ನು ಆಡಿದ ಹಾಗೆಯೇ ನಂಬುವವನು ಅಲ್ಲಿದ್ದದ್ದರಿಂದ ನಾವು ಬದುಕಿದೆವು.

ಭಾವನಿಗೆ ಜ್ವರ ಬಂತು. ಕಂಬಳಿಯಲ್ಲಿ ಹೊತ್ತು ತಂದ ಅವರನ್ನು ಚೌಕಿಯಲ್ಲೇ ಎರಡು ದಿನ ಮಲಗಿಸಬೇಕಾಯಿತು. ಹನುಮಂತಪ್ಪನ ಊಟ ರಾಗಿ ಮುದ್ದೆ. ಮೊದಲ ತುತ್ತನ್ನು ಭಾವ ಅಗಿಯತೊಡಗಿದರು. ಅಗಿದಷ್ಟೂ ಹಲ್ಲಿಗೆ ಮೆತ್ತಿ ಬಾಯಿ ಬಿಡಲಾಗಲಿಲ್ಲ. “ಅಗಿಯಂಗಿಲ್ಲ ಸಾಮಿ, ನುಂಗಿ, ನುಂಗಿ!” ಎಂದು ಅವನು ಬಾಯಿ ತೆರೆದು ತೋರಿಸಿಕೊಟ್ಟ. ಮರುದಿನ ಜ್ವರ ಇಳಿದಾಗ ಭಾವ ಕಟ್ಟಿದ ಕಾಲು ನೀಡಿ ಒಲೆಯ ಮುಂದೆ ಕುಳಿತು, ನಮ್ಮ ಆ ಎರಡು ಸೇರು ಕುಚ್ಚಲಕ್ಕಿ ಬೇಯಿಸಿ, ಕಾಡಿನ ಯಾವುದೋ ಸೊಪ್ಪಿನ ತಂಬುಳಿ ಮಾಡಿದರು. ಹನುಮಂತಪ್ಪ ಮೂರು ಸಲ ಬಡಿಸಿಕೊಂಡ. ಊಟವಾದ ಮೇಲೆ, “ಮನೀಗೊಂದು ಕಾಗದ ಬರೀರಿ. ಕೆಳಕ್ಕೆ ಹೋಗೋರ ಕೈಯಾಗೆ ಕೊಡ್ತೀನಿ” ಎಂದ.

“ಬೇಡ” ಎಂದೆ. “ಬರೆದರೆ ಸುಮ್ಮನೆ ಹೆದರುತ್ತಾರೆ. ಈಗ ಎರಡೂ ಮನೆಯವರು ನಿಶ್ಚಿಂತೆಯಿಂದ ಇದ್ದಾರೆ.”

ಅವನು ನನ್ನನ್ನೊಮ್ಮೆ ನೋಡಿ, ತೆಗೆದ ಕಾಗದವನ್ನು ಪುಸ್ತಕದಲ್ಲಿ ಮಡಿಸಿಟ್ಟ. ಐದನೆಯ ದಿನ ಒಂದು ಗಾಡಿ ಗೊತ್ತು ಮಾಡಿ ನಮ್ಮನ್ನು ಹತ್ತಿಸಿ, ಪುಸ್ತಕದಲ್ಲಿ ಗೆರೆ ಹೊಡೆದ. ಕೊಡಚಾದ್ರಿಯ ತುದಿ ಹಿಂದೆ ಹೊಗೆಯಂತೆ ಕಾಣುತ್ತಿತ್ತು. ಅದನ್ನು ಅಷ್ಟು ಹತ್ತಿರದಿಂದ ಮತ್ತೆ ನೋಡಲಿಲ್ಲ.

ಮತ್ತೆ ಕಡವು

ಹೆಮ್ಮಾಡಿ ಕಡೆಯ ದಡ ಮುಟ್ಟಿದ್ದು ಆರನೆಯ ದಿನ ಬೆಳಿಗ್ಗೆ. ಹೊಳೆಯ ತುಂಬ ದೋಣಿಗಳು. ಏಳೆಂಟು ದೋಣಿಯವರು ಸೇರಿ ದೊಡ್ಡ ಬಲೆಯೊಂದನ್ನು ಇಳಿಸಿ ನಿಧಾನವಾಗಿ ಎಳೆಯುತ್ತಿದ್ದರು. ಯಾರೂ ಕೂಗುತ್ತಿರಲಿಲ್ಲ, ಹಾಡುತ್ತಿರಲಿಲ್ಲ. ಈ ಹೊತ್ತಿನಲ್ಲಿ, ಹೊಳೆಯಲ್ಲಿ ಇಷ್ಟು ಮೇಲೆ, ಇಂಥ ಬಲೆ ಹಾಕುವುದನ್ನು ನಾನು ಕಂಡಿರಲಿಲ್ಲ. ದಡದ ಹತ್ತಿರದ ದೋಣಿಯಲ್ಲಿ ಮಂಜ ನನಗೆ ಬೆನ್ನು ಮಾಡಿ ನಿಂತಿದ್ದ. ಆರು ದಿನದ ಮೇಲೆ ಗುರುತಿನ ಬೆನ್ನು ಕಂಡು ನನಗೆ ಖುಷಿಯಾಯಿತು.

“ಹ್ವಾಯ್ ಮಂಜ! ಎಂತ ಮೀನ್ ಸಿಕ್ತ್?” ಎಂದು ಕೂಗಿದೆ.

ಅವನು ತಿರುಗಿದ. ಕೈಯಲ್ಲಿದ್ದ ಹಗ್ಗ ನೀರಿಗೆ ಬಿತ್ತು. ನನ್ನನ್ನು ನೋಡಿದ, ಗಾಡಿಯಲ್ಲಿ ಮಲಗಿದ್ದ ಭಾವನನ್ನು ನೋಡಿದ. ಬಾಯಿಂದ ಬಂದ ಮಾತು ಕೂಗಿನಂತೆ ಬಂತು.

“ನಿಮ್ಮನ್ನೇ ಹುಡ್ಕೂದ್, ಕಂಪೌಂಡ್ರೆ!”

ನನಗೆ ಅರ್ಥವಾಗಲಿಲ್ಲ. ಅವನು ದೋಣಿಯಿಂದ ಹಾರಿ ನೀರಿನಲ್ಲೇ ನಡೆದು ಬಂದ. ಸರದಿಗೆ ಭಾವ ಬರಲಿಲ್ಲವೆಂದು ಸಾಲಿಗ್ರಾಮದವರು ನಮ್ಮ ಮನೆಗೆ ಬಂದರಂತೆ. ಆಗ ಎರಡೂ ಮನೆಯವರಿಗೆ ನಾವು ಎಲ್ಲೂ ಇಲ್ಲವೆಂದು ಗೊತ್ತಾಯಿತು. ಪೇಟೆಯೆಲ್ಲ ಕೇಳಿ, ಕಡವಿಗೆ ಬಂದು ಮಂಜನನ್ನು ಕೇಳಿದರಂತೆ.

“ನಾನ್ ಎಂತ ಹೇಳುದ್? ನೀವ್ ‘ಇಲ್ಲೇ’ ಅಂದ್ರಿ. ‘ಈಗ ಬತ್ತೆ’ ಅಂದ್ರಿ. ಬರ್ಲಿಲ್ಲ” ಎಂದ ಮಂಜ. ಅವನ ಕಣ್ಣು ಕೆಂಪಾಗಿತ್ತು. “ಇಲ್ಲಿ ಅಂದ್ರೆ ಹೊಳಿ ಬಿಟ್ರೆ ಬೇರೆ ಎಂತ ಇತ್ತ್ ಮಾರಾಯ್ರೆ?”

ಕತ್ತಲಲ್ಲಿ ಹಿಂದೆ ದಾಟುವಾಗ ನಾವು ಮುಳುಗಿದೆವೆಂದು ತಿಳಿದು, ಎರಡು ದಿನದಿಂದ ಅವರು ಮೀನಿಗೆ ಹೋಗದೆ ನಮ್ಮ ಹೆಣಕ್ಕಾಗಿ ಹೊಳೆಯನ್ನು ಜಾಲಾಡುತ್ತಿದ್ದರು. ಅಷ್ಟು ದೋಣಿಯವರು ಒಬ್ಬೊಬ್ಬರಾಗಿ ಬಲೆ ಬಿಟ್ಟು ದಡಕ್ಕೆ ಬಂದು, ನನ್ನನ್ನು ಮುಟ್ಟಿ ನೋಡಿ, ಭಾವನನ್ನು ಎತ್ತಿ ದೋಣಿಯಲ್ಲಿ ಮಲಗಿಸಿದರು. ಒಬ್ಬನೂ ಬೈಯಲಿಲ್ಲ.

ಮನೆ

ಜಗಲಿಯ ತುಂಬ ಜನ. ಭಾವನನ್ನು ಒಳಗೆ ಕರೆದೊಯ್ದರು, ಯಾರೋ ಅತ್ತರು, ಯಾರೋ ನಕ್ಕರು, ಬಾವಿಯಿಂದ ನೀರು ಸೇದುವ ಸದ್ದು ಕೇಳಿಸಿತು. ಕಾವೇರಿ ಅಳಲಿಲ್ಲ. ಅಣ್ಣನ ಕಾಲಿನ ಕಟ್ಟನ್ನು ಮುಟ್ಟಿ ನೋಡಿದಳು. ನನ್ನ ಹತ್ತಿರ ಬಂದಳು. ನಾಲ್ಕು ಜನರ ಎದುರು ನನಗೆ ಎದುರಾಗಿ ನಿಂತು ಅವಳು ಮಾತಾಡಿದ್ದು ಅದೇ ಮೊದಲು.

ನಾನೇ ಮೊದಲು ಬಾಯಿ ತೆರೆದೆ. “ನೀನ್ ಒಂದ್ ಮಾತ್ ಕೇಂಡಿದ್ರೆ…” ಎಂದೆ. ಇಷ್ಟಾದ ಮೇಲೂ ನನ್ನ ನಾಲಿಗೆಗೆ ಹೊಳೆದದ್ದು ಇದು.

“ಕೇಂಬುಕಾಗ ಅಂತ ನಂಗೂ ಗೊತ್ತಿತ್ತ್. ಅದ್ಕೇ ಕೇಣ್ಲಿಲ್ಲ” ಎಂದಳು. “ಹೇಳುಕಾಗ ಅಂದವ್ರ್ ಯಾರ್?”

ಜಗಲಿಯಲ್ಲಿ ಶಾಸ್ತ್ರ ತಿಳಿದ ಹಿರಿಯರು ಇಬ್ಬರಿದ್ದರು, ಅವರು ಎಲೆಯ ತಟ್ಟೆ ಹತ್ತಿರ ಎಳೆದುಕೊಂಡರು. ಉತ್ತರ ನನಗೆ ಗೊತ್ತಿತ್ತು. ಹೇಳಬಾರದು ಎಂದವರು ಯಾರೂ ಇರಲಿಲ್ಲ. ನನಗೆ ನಾಚಿಕೆಯಾಯಿತು, ಎಷ್ಟೆಂದರೆ ಕಾಲಿನಿಂದ ಬೂಟು ಬಿಚ್ಚುವ ನೆಪದಲ್ಲಿ ಬಹಳ ಹೊತ್ತು ತಲೆ ಬಗ್ಗಿಸಿಯೇ ಕುಳಿತೆ.

ಮರುದಿನ ಡಿಸ್ಪೆನ್ಸರಿಗೆ ಹೊರಟೆ. ಕಾವೇರಿ ಅಡುಗೆಮನೆಯಲ್ಲಿದ್ದಳು, ಹೊರಗೆ ಬರಲಿಲ್ಲ. ಬಾಗಿಲ ತನಕ ಹೋದವನು ಹಿಂದೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ.

“ನಾನ್ ಡಿಸ್ಪೆನ್ಸರಿಗೆ ಹೋತೆ. ಪೇಟಿ ದಾರೆಗೆ ಹೋಪ್ದ್. ಮಧ್ಯಾಹ್ನ ಒಂದ್ ಗಂಟಿಗೆ ಬತ್ತೆ.”

ಒಳಗೆ ಮಲಗಿದ್ದ ಭಾವ, ಹೋತೆ ಎಂಬ ಮಾತು ಕೇಳಿ “ರಾಮ ರಾಮ” ಎಂದರು. ಕಾವೇರಿ ತಿರುಗಿ ನೋಡಲಿಲ್ಲ. ಸೌಟು ಮಾತ್ರ ಒಂದು ಗಳಿಗೆ ನಿಂತಿತು.

ಆ ದಿನ ರೋಗಿಗಳು ಹೆಚ್ಚಿದ್ದರು. ಆದರೂ ಡಾಕ್ಟರಿಗೆ ಹೇಳಿ ಬೇಗ ಎದ್ದು, ಬಿಸಿಲಿನಲ್ಲಿ ಅರ್ಧ ಓಡಿ, ಒಂದಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ಮನೆ ಮುಟ್ಟಿದೆ. ಅವಳು ಆಗಲೇ ಬಂದು ಅಂಗಳದ ತುದಿಯಲ್ಲಿ ನಿಂತು ದಾರಿ ನೋಡುತ್ತಿದ್ದಳು.